ಮಂಡಿನೋವಿಗೆ ಎಂಟು ವಾರದ ಪಾಠ: ‘ಪೇನ್‌ಟ್ರೇನರ್’ ಎಷ್ಟು ಉಪಯೋಗ, ಎಲ್ಲಿ ಕೊರತೆ

ಮಂಡಿನೋವೆಂದು ಎಕ್ಸ್‌ರೇ ಹಿಡಿದು ಕೂತವರಿಗೆ ಸಿಗುವ ವಿವರಣೆ ಹೆಚ್ಚಾಗಿ ಗ್ಯಾರೇಜಿನದು. ‘ಗ್ಯಾಪ್ ಕಡಿಮೆಯಾಗಿದೆ’, ‘ಗ್ರೀಸ್ ಮುಗಿದಿದೆ’, ‘ಸವೆದಿದೆ, ಇನ್ನು ಹುಷಾರಾಗಿರಿ’. ಹುಷಾರಾಗಿರುವುದು ಅಂದರೆ ಮೆಟ್ಟಿಲು ಹತ್ತುವುದನ್ನು ಬಿಡುವುದೋ, ನೆಲಕ್ಕೆ ಕೂರುವುದನ್ನು ಬಿಡುವುದೋ, ನಡೆಯುವುದನ್ನೇ ಬಿಡುವುದೋ? ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಪೇನ್‌ಟ್ರೇನರ್ ಕೈ ಹಾಕಿರುವುದು ಈ ಪ್ರಶ್ನೆಗೆ. ಇದು ಎಣ್ಣೆಯಲ್ಲ, ಬೆಲ್ಟಲ್ಲ, ಮಾತ್ರೆಯಲ್ಲ. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುವ, ಎಂಟು ಪಾಠಗಳ ತರಬೇತಿ. ಒಂದೊಂದು ಪಾಠ 35ರಿಂದ 45 ನಿಮಿಷ, ವಾರಕ್ಕೊಂದು. ಪಾಠ ಕೇಳಿದ ಮೇಲೆ ಉಳಿದ ದಿನಗಳಲ್ಲಿ ಅದನ್ನು ಮನೆಯಲ್ಲಿ ಅಭ್ಯಾಸ ಮಾಡಬೇಕು. ಪಾಠ ಕೇಳಿ ಅಭ್ಯಾಸ ಬಿಟ್ಟರೆ ಆರು ಗಂಟೆ ವ್ಯರ್ಥವಾಯಿತೆಂದೇ ಲೆಕ್ಕ.

ಇದರ ಬೇರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದೆ. ಫ್ರಾನ್ಸಿಸ್ ಕೀಫ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಮಂಡಿ ಸವೆತದವರಿಗೆ ನೋವನ್ನು ನಿಭಾಯಿಸುವ ಕೌಶಲಗಳನ್ನು ಕಲಿಸಿ, ಅದರ ಫಲಿತಾಂಶವನ್ನು 1990ರಲ್ಲೇ ಪ್ರಕಟಿಸಿತ್ತು. ಆಗ ಮನಶ್ಶಾಸ್ತ್ರಜ್ಞರ ಎದುರು ಕೂತೇ ಕಲಿಯಬೇಕಿತ್ತು. ಅದನ್ನೇ ಕಂಪ್ಯೂಟರಿಗೆ ಇಳಿಸಿದಾಗ ಆದದ್ದು ಪೇನ್‌ಕೋಚ್. ಕ್ರಿಸ್ಟೀನ್ ರಿನಿ ಮತ್ತು ಸಂಗಡಿಗರು 113 ಜನ ಮಂಡಿ, ಸೊಂಟದ ಸಂದು ಸವೆತದವರ ಮೇಲೆ ಅದನ್ನು ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಪೇನ್‌ಟ್ರೇನರ್ ಅದೇ ಮನೆತನದ್ದು.

ಮಂಡಿಯ ನೋವಿಗೆ ಮನಸ್ಸಿನ ಪಾಠವೇಕೆ ಎಂದು ಮೂಗು ಮುರಿಯುವವರು ಒಂದು ಲೆಕ್ಕ ನೋಡಬೇಕು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 50 ದಾಟಿದ, ಎಕ್ಸ್‌ರೇಯಲ್ಲಿ ಸವೆತ ಕಾಣದ 710 ಜನರ ಮಂಡಿಗಳಿಗೆ ಎಂಆರ್‌ಐ ಮಾಡಿದರು. 2012ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅವರಲ್ಲಿ 89 ಶೇಕಡಾ ಮಂದಿಗೆ ಮೃದ್ವಸ್ಥಿ (ಮೂಳೆತುದಿಯ ನುಣುಪಾದ ಹೊದಿಕೆ) ಹಾನಿಯೋ ಮೂಳೆಮೊಳಕೆಯೋ ಏನಾದರೊಂದು ಇತ್ತು. ನೋವಿದ್ದವರಲ್ಲೂ ಇತ್ತು, ನೋವೇ ಇಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಚಿತ್ರದಲ್ಲಿ ಕಾಣುವ ಸವೆತವೇ ನೋವಿನ ಅಳತೆಗೋಲಲ್ಲ. ಮಂಡಿಯಿಂದ ಹೊರಟ ಸುದ್ದಿಯನ್ನು ಬೆನ್ನುಹುರಿ ಮತ್ತು ಮಿದುಳು ಹೆಚ್ಚಿಸಲೂಬಹುದು, ತಗ್ಗಿಸಲೂಬಹುದು. ನಿದ್ದೆಗೆಟ್ಟ ರಾತ್ರಿಯ ಮರುದಿನ, ಮನೆಯಲ್ಲಿ ಜಗಳವಾದ ದಿನ ಅದೇ ಮಂಡಿ ಹೆಚ್ಚು ನೋಯುವುದು ಇದಕ್ಕೇ. ನೋವು ‘ಬರೀ ಮನಸ್ಸಿನದು’ ಎಂದು ಇದರ ಅರ್ಥವಲ್ಲ. ನೋವು ನಿಜವೇ. ಅದನ್ನು ಏರಿಸುವ ಗುಂಡಿಗಳು ಒಂದಕ್ಕಿಂತ ಹೆಚ್ಚಿವೆ, ಅವುಗಳಲ್ಲಿ ಕೆಲವು ನಮ್ಮ ಕೈಗೆ ಎಟಕುತ್ತವೆ.

ಮೊದಲ ಎರಡು ವಾರ: ಬಿಗಿ, ಬಿಡು

ಮೊದಲ ಪಾಠ ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ವಿಶ್ರಾಂತಿ. ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯರು ಸುಮಾರು ನೂರು ವರ್ಷದ ಹಿಂದೆ ರೂಪಿಸಿದ ವಿಧಾನ. ನೋಯುವ ಕಾಲನ್ನು ಕಾಯ್ದುಕೊಳ್ಳಲು ತೊಡೆ, ಸೊಂಟ, ಹೆಗಲು, ದವಡೆ ಎಲ್ಲವೂ ದಿನವಿಡೀ ಬಿಗಿದುಕೊಂಡಿರುತ್ತವೆ. ಆ ಬಿಗಿ ಗೊತ್ತಾಗುವುದೇ ಇಲ್ಲ. ಬೇಕೆಂದೇ ಬಿಗಿದು ಬಿಟ್ಟಾಗ ಎರಡರ ವ್ಯತ್ಯಾಸ ತಿಳಿಯುತ್ತದೆ.

ಅಭ್ಯಾಸದ ಕ್ರಮ ಹೀಗಿಟ್ಟುಕೊಳ್ಳಬಹುದು. ಬೆನ್ನಿಗೆ ಒರಗು ಇರುವ ಕುರ್ಚಿ, ಪಾದ ನೆಲಕ್ಕೆ ತಾಗಿರಬೇಕು. ಕುಳ್ಳಗಿರುವವರು ಪಾದದಡಿ ಒಂದು ಮಣೆ ಇಟ್ಟುಕೊಳ್ಳಲಿ. ಒಂದು ಭಾಗವನ್ನು 5ರಿಂದ 7 ಸೆಕೆಂಡು ಬಿಗಿಯುವುದು, 20ರಿಂದ 30 ಸೆಕೆಂಡು ಬಿಡುವುದು. ಬಿಡುವ ಹೊತ್ತು ಬಿಗಿಯುವ ಹೊತ್ತಿನ ಮೂರು ನಾಲ್ಕು ಪಟ್ಟು ಇರಲೇಬೇಕು. ಅವಸರದಲ್ಲಿ ಎರಡನ್ನೂ ಸಮ ಮಾಡಿದರೆ ಅದು ವ್ಯಾಯಾಮವಾಗುತ್ತದೆ, ವಿಶ್ರಾಂತಿಯಾಗುವುದಿಲ್ಲ. ಬಲಗೈ, ಎಡಗೈ, ಹಣೆ, ದವಡೆ, ಹೆಗಲು, ಹೊಟ್ಟೆ, ತೊಡೆ, ಮೀನಖಂಡ, ಪಾದ ಎಂಬ ಸಾಲಿನಲ್ಲಿ ಹೋದರೆ 15–20 ನಿಮಿಷ.

ಇಲ್ಲಿ ಕೆಡುವುದು ಮೂರ್ನಾಲ್ಕು ಕಡೆ. ಪಾದದ ಬೆರಳನ್ನು ಕೆಳಕ್ಕೆ ಚಾಚಿ ಮೀನಖಂಡ ಬಿಗಿದರೆ ಹಲವರಿಗೆ ಸೆಡೆತ ಹಿಡಿಯುತ್ತದೆ. ಬೆರಳನ್ನು ಮುಖದ ಕಡೆಗೆ ಎಳೆದುಕೊಂಡು ಬಿಗಿಯುವುದು ಕ್ಷೇಮ. ನೋಯುವ ಕಾಲಿನ ತೊಡೆಯನ್ನು ಅರ್ಧ ಬಲದಲ್ಲಿ ಬಿಗಿದರೆ ಸಾಕು. ಬಿಗಿಯುವಾಗ ಉಸಿರು ಕಟ್ಟಬಾರದು, ಬಿಪಿ ಇರುವವರಂತೂ ಇದನ್ನು ಮರೆಯಲೇಬಾರದು. ಊಟವಾದ ಕೂಡಲೇ ಮಂಚದ ಮೇಲೆ ಮಲಗಿ ಮಾಡಿದರೆ ಎರಡನೇ ಕೈಗೆ ಬರುವ ಮೊದಲೇ ಗೊರಕೆ. ನಿದ್ದೆ ಬಂದರೆ ನಷ್ಟವೇನಿಲ್ಲ, ಆದರೆ ಕಲಿಕೆ ಆಗುವುದಿಲ್ಲ. ಆದ್ದರಿಂದ ಹಗಲಿನ ಅಭ್ಯಾಸ ಕುರ್ಚಿಯಲ್ಲಿ, ರಾತ್ರಿಯದು ಬೇಕಿದ್ದರೆ ಹಾಸಿಗೆಯಲ್ಲಿ. ಎಲ್ಲಕ್ಕಿಂತ ದೊಡ್ಡ ತಪ್ಪು ಎಂದರೆ ನೋವು ಜೋರಾದ ದಿನ ಮಾತ್ರ ಇದನ್ನು ಹುಡುಕಿಕೊಂಡು ಬರುವುದು. ಈಜು ಕಲಿಯುವುದು ನೆರೆ ಬಂದಾಗ ಅಲ್ಲ.

ಎರಡನೇ ವಾರ ಇದರದೇ ಚುಟುಕು ರೂಪ: ಅರ್ಧ ನಿಮಿಷದಲ್ಲಿ ಉಸಿರು ಬಿಡುತ್ತ ದವಡೆ, ಹೆಗಲು, ತೊಡೆಯ ಬಿಗಿ ಇಳಿಸುವುದು, ಅದನ್ನು ದಿನಕ್ಕೆ ಹಲವು ಸಲ ಮಾಡುವುದು. ನೆನಪಿಗೆ ಏನಾದರೊಂದು ಕೊಕ್ಕೆ ಬೇಕು. ಕುಕ್ಕರ್ ಸೀಟಿ ಹೊಡೆದಾಗ, ಬಸ್ಸಿಗೆ ಕಾಯುವಾಗ, ಫೋನ್ ರಿಂಗ್ ಆದಾಗ. ಮೆಟ್ಟಿಲಿನ ಬುಡದಲ್ಲಿ ನಿಂತು ಒಮ್ಮೆ ಮಾಡಿ ಆಮೇಲೆ ಹತ್ತುವುದು ಮಂಡಿಯವರಿಗೆ ಎಲ್ಲಕ್ಕಿಂತ ಉಪಯೋಗದ ಜಾಗ. ಹತ್ತುವ ಮೊದಲೇ ಹೆದರಿ ಬಿಗಿದ ಕಾಲು ಹೆಚ್ಚು ನೋಯುತ್ತದೆ.

ಬೆಂಗಳೂರಿನ ಸುತ್ತಮುತ್ತ ಯೋಗಚಿಕಿತ್ಸೆಗೆ ಹೋಗಿ ಬಂದವರಿಗೆ ಇದು ಹೊಸದೆನಿಸಲಿಕ್ಕಿಲ್ಲ. ಜಿಗಣಿಯ ಪ್ರಶಾಂತಿ ಕುಟೀರದಲ್ಲಿರುವ ಯೋಗ ವಿಶ್ವವಿದ್ಯಾಲಯ ಎಸ್-ವ್ಯಾಸದ ಪರಂಪರೆಯಲ್ಲಿ ಶವಾಸನದಲ್ಲಿ ಮಲಗಿ ಕಾಲ್ಬೆರಳಿಂದ ತಲೆಯವರೆಗೆ ಬಿಗಿದು ಒಮ್ಮೆಲೇ ಬಿಡುವ ತತ್ಕ್ಷಣ ವಿಶ್ರಾಂತಿ ಎಂಬ ಅಭ್ಯಾಸವೇ ಇದೆ. ಅದನ್ನು ಬಲ್ಲವರು ಈ ಎರಡು ಪಾಠಗಳನ್ನು ಒಂದೇ ವಾರದಲ್ಲಿ ಮುಗಿಸಿ ಮೂರಕ್ಕೆ ಹೋಗಬಹುದು.

ಮೂರನೇ ಪಾಠ: ಗಡಿಯಾರ ನೋಡಿ ಏಳುವುದು

ಇಡೀ ತರಬೇತಿಯಲ್ಲಿ ಒಂದೇ ಪಾಠಕ್ಕೆ ಸಮಯವಿದೆ ಎನ್ನುವವರಿಗೆ ಇದನ್ನೇ ತೋರಿಸಬೇಕು. ಹೆಸರು ಚಟುವಟಿಕೆ–ವಿಶ್ರಾಂತಿ ಚಕ್ರ. ನಮ್ಮ ಮನೆಗಳಲ್ಲಿ ಮಂಡಿನೋವು ಬೆಳೆಯುವ ರೀತಿ ಯುಗಾದಿಗೆ ಮನೆ ತೊಳೆಯುವ ರೀತಿಯೇ: ‘ಇನ್ನೊಂದು ಕೋಣೆ ಅಷ್ಟೇ, ಒಂದೇ ಸಲಕ್ಕೆ ಮುಗಿಸಿಬಿಡೋಣ’. ಹಬ್ಬದ ದಿನ ಹೇಗೋ ಕಳೆಯುತ್ತದೆ, ಆಮೇಲೆ ಮೂರು ದಿನ ಹಾಸಿಗೆ. ಮೂರು ದಿನದಲ್ಲಿ ತೊಡೆ ಇನ್ನಷ್ಟು ಸೋಲುತ್ತದೆ, ಕೆಲಸ ಬಾಕಿ ಬೀಳುತ್ತದೆ, ನಾಲ್ಕನೇ ದಿನ ಮತ್ತೆ ‘ಒಂದೇ ಸಲ’. ನೋವು ಬಂದಾಗ ನಿಲ್ಲಿಸುವವರು ನೋವಿನ ಅಪ್ಪಣೆಗೆ ಕಾದಂತೆ. ಈ ಪಾಠ ಹೇಳುವುದು ನೋವು ಬರುವ ಮೊದಲೇ, ಗಡಿಯಾರ ನೋಡಿ ನಿಲ್ಲಿಸುವುದನ್ನು.

ಲೆಕ್ಕ ಹಾಕುವುದು ಹೀಗೆ. ನೋವು ಕೆರಳಿಸುವ ಒಂದೇ ಒಂದು ಕೆಲಸ ಆರಿಸಿ. ಅಡುಗೆಕಟ್ಟೆಯ ಮುಂದೆ ನಿಲ್ಲುವುದು ಎಂದುಕೊಳ್ಳೋಣ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಎರಡು ಅಂಕ ಏರಲು ಎಷ್ಟು ನಿಮಿಷ ಬೇಕು ಎಂದು ಮೂರು ದಿನ ಬರೆದಿಡಿ. ಒಂದು ದಿನ 35, ಒಂದು ದಿನ 25, ಇನ್ನೊಂದು ದಿನ 30 ನಿಮಿಷ ಬಂದರೆ ಸರಾಸರಿ 30. ಅದರಲ್ಲಿ ಐದನೇ ಒಂದು ಭಾಗ ಕಳೆಯಿರಿ, 24. ಇನ್ನು ಮುಂದೆ 24 ನಿಮಿಷಕ್ಕೆ ಫೋನಿನ ಅಲಾರಂ ಬಡಿಯುತ್ತದೆ, ಬಡಿದ ಕೂಡಲೇ 10 ನಿಮಿಷ ಕೂರಬೇಕು. ಒಲೆಯ ಮೇಲೆ ಒಗ್ಗರಣೆ ಇದ್ದರೆ? ಅಲಾರಂ ಬಡಿಯುವ ಹೊತ್ತಿಗೆ ಒಲೆ ಆರಿಸುವ ಹಂತ ಬರುವಂತೆ ಕೆಲಸದ ಸಾಲನ್ನು ಬದಲಿಸಬೇಕು. ಹೆಚ್ಚುವುದು, ಬಿಡಿಸುವುದು, ಆರಿಸುವುದು ಎಲ್ಲ ಕೂತು ಮಾಡುವ ಭಾಗಕ್ಕೆ. ಒಗ್ಗರಣೆ, ದೋಸೆ ನಿಲ್ಲುವ ಭಾಗಕ್ಕೆ. ವಾರದ ಏಳು ದಿನದಲ್ಲಿ ಐದು ದಿನವಾದರೂ ಚಕ್ರ ಮುರಿಯದಿದ್ದರೆ ಮುಂದಿನ ವಾರ 2 ನಿಮಿಷ ಹೆಚ್ಚಿಸಿ. ಮುರಿದರೆ ಅಲ್ಲೇ ಇರಿ.

ವಿಶ್ರಾಂತಿ ಎಂದರೆ ಏನು ಎಂಬಲ್ಲಿ ಪಾಠ ಸ್ವಲ್ಪ ಸಡಿಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಟಾಣಿ ಬಿಡಿಸಿದರೆ ಅದು ಮಂಡಿಗೆ ವಿಶ್ರಾಂತಿಯಲ್ಲ. ಪೂರ್ತಿ ಮಡಿಸಿದ ಮಂಡಿಯಲ್ಲಿ ಚಿಪ್ಪಿನ ಹಿಂದಿನ ಒತ್ತಡ ಏರುತ್ತದೆ. ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲಿನ ಮೇಲೆ ಕಾಲು ಚಾಚಿ, ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರುವುದು ಸರಿ. ಮಂಡಿಯಡಿ ದಿಂಬಿಟ್ಟು ಗಂಟೆಗಟ್ಟಲೆ ಮಲಗುವ ರೂಢಿ ಹಿತವೆನಿಸಿದರೂ ಒಳ್ಳೆಯದಲ್ಲ, ಕಾಲು ನೆಟ್ಟಗಾಗುವುದನ್ನೇ ಮರೆಯುತ್ತದೆ.

ಈ ಪಾಠ ಮುರಿಯುವುದು ನೋವಿನ ದಿನಗಳಲ್ಲಲ್ಲ, ಚೆನ್ನಾಗಿರುವ ದಿನಗಳಲ್ಲಿ. ‘ಇವತ್ತು ಏನೂ ನೋವಿಲ್ಲ’ ಎಂದು ಅಲಾರಂ ಆರಿಸಿ ಎರಡು ಗಂಟೆ ನಿಂತವರು ಮರುದಿನ ‘ಇದೆಲ್ಲ ಪ್ರಯೋಜನವಿಲ್ಲ’ ಎನ್ನುತ್ತಾರೆ. ಎರಡನೆಯ ಅಡ್ಡಿ ನೆಂಟರು. ಬಂದವರ ಮುಂದೆ ಹತ್ತು ನಿಮಿಷ ಕಾಲು ಚಾಚಿ ಕೂರುವುದು ಸೊಸೆಗೂ ಕಷ್ಟ, ಅತ್ತೆಗೂ ಕಷ್ಟ; ಮನೆಯವರಿಗೆ ಮೊದಲೇ ಹೇಳಿಟ್ಟಿರಬೇಕು. ಇನ್ನು ಕೆಲವರ ತೊಂದರೆ ತಿರುಗುಮುರುಗು. ಅವರು ಹೆದರಿಕೆಯಿಂದ ಏನನ್ನೂ ಮಾಡುವುದೇ ಇಲ್ಲ. ಅಂಥವರ ಕೈಗೆ ಈ ಪಾಠ ಸಿಕ್ಕರೆ ಕೂರಲು ಇನ್ನೊಂದು ನೆಪವಾದೀತು. ಅವರಿಗೆ ಅಲಾರಂ ಏಳುವುದಕ್ಕೆ ಬಡಿಯಬೇಕು: 40 ನಿಮಿಷ ಕೂತರೆ 5 ನಿಮಿಷ ನಡಿಗೆ. ಈ ಎರಡು ಬಗೆಯ ಜನರನ್ನು ತರಬೇತಿ ಇನ್ನೂ ಗಟ್ಟಿಯಾಗಿ ಬೇರ್ಪಡಿಸಬೇಕಿತ್ತು.

ನಡುವಿನ ಪಾಠಗಳು

ನಾಲ್ಕನೆಯದು ಖುಷಿ ಕೊಡುವ ಕೆಲಸಗಳನ್ನು ವೇಳಾಪಟ್ಟಿಗೆ ಹಾಕುವುದು. ಕೇಳಲು ಚಿಲ್ಲರೆ ವಿಷಯ. ಆದರೆ ನೋವು ಮೊದಲು ಕಸಿಯುವುದು ಕೆಲಸವನ್ನಲ್ಲ, ಭಜನೆ ಮಂಡಳಿಯನ್ನು, ಸಂಜೆಯ ಪಾರ್ಕನ್ನು, ಮದುವೆಮನೆಯ ಹರಟೆಯನ್ನು. ಕೆಲಸ ಹೇಗೋ ನಡೆಯುತ್ತಿರುತ್ತದೆ. ‘ನಿಮಗೆ ಇಷ್ಟದ ಹತ್ತು ಕೆಲಸ ಬರೆಯಿರಿ’ ಎಂದರೆ ಅರವತ್ತು ದಾಟಿದ ಗೃಹಿಣಿಯರು ನಾಲ್ಕಕ್ಕೆ ನಿಲ್ಲುತ್ತಾರೆ, ಅದರಲ್ಲಿ ಮೂರು ಬೇರೆಯವರಿಗೆ ಮಾಡಿಕೊಡುವ ತಿಂಡಿ. ವಾರಕ್ಕೆ ಎರಡು ಸಾಕು, ದಿನ ಮತ್ತು ಹೊತ್ತು ಬರೆದಿರಬೇಕು. ದೇವಸ್ಥಾನಕ್ಕೆ ಹೋಗುವ ಆಸೆ ಇದ್ದು ಮೆಟ್ಟಿಲು ಅಡ್ಡಿಯಾದರೆ ಮೆಟ್ಟಿಲು ಕಡಿಮೆ ಇರುವ ದೇವಸ್ಥಾನ, ಜನ ಕಡಿಮೆ ಇರುವ ಹೊತ್ತು.

ಐದನೆಯದು ಯೋಚನೆಗಳ ಪಾಠ. ನೋವು ಬಂದ ಕ್ಷಣ ತಾನಾಗಿ ಬರುವ ವಾಕ್ಯವನ್ನು ಹಿಡಿದು ಬರೆಯುವುದು, ಅದು ಎಷ್ಟು ನಿಜ ಎಂದು ಕೇಳುವುದು, ಇನ್ನೊಂದು ವಾಕ್ಯ ಕೂಡಿಸುವುದು. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ವಾಕ್ಯ ‘ನಡೆದಷ್ಟೂ ಮಂಡಿ ಸವೆಯುತ್ತೆ’. ಇದು ಯೋಚನೆ ಮಾತ್ರವಲ್ಲ, ತಪ್ಪು ಮಾಹಿತಿ ಕೂಡ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಭಾರ ಬಿದ್ದು ಬಿಟ್ಟಾಗ ಸ್ಪಂಜಿನಂತೆ ಸಂದಿನ ದ್ರವವನ್ನು ಹೀರಿಕೊಂಡೇ ಅದು ಬದುಕುವುದು. ಹಾಗಾಗಿ ಬದಲಿ ವಾಕ್ಯ ‘ಎಲ್ಲ ಸರಿಹೋಗುತ್ತೆ’ ಎಂಬ ಸಮಾಧಾನವಾಗಬಾರದು, ಅದನ್ನು ಯಾರ ಮನಸ್ಸೂ ನಂಬುವುದಿಲ್ಲ. ‘ಅಳೆದು ನಡೆದರೆ ಮಂಡಿಗೆ ಆಹಾರ, ಇವತ್ತು ಹತ್ತು ನಿಮಿಷ, ನಾಳೆ ನೋಡೋಣ’ ಎಂಬಂಥದ್ದು ನಿಲ್ಲುತ್ತದೆ. ಬರೆಯುವ ಭಾಷೆ ಕನ್ನಡವೇ ಆಗಿರಬೇಕು, ಅದೂ ಮನೆಯಲ್ಲಿ ಆಡುವ ಕನ್ನಡ. ಇಂಗ್ಲಿಷಿನ ಹಾಳೆಯಲ್ಲಿ ಇಂಗ್ಲಿಷಿನಲ್ಲೇ ತುಂಬಿದ ಯೋಚನೆ ಪರೀಕ್ಷೆಯ ಉತ್ತರದಂತೆ ಚೊಕ್ಕಟವಾಗಿರುತ್ತದೆ, ಮನಸ್ಸಿನಲ್ಲಿ ಬಂದ ಮಾತು ಅದಲ್ಲ.

ಆರನೆಯ ವಾರ ಹಿತವಾದ ದೃಶ್ಯವನ್ನು ಕಲ್ಪಿಸಿಕೊಳ್ಳುವುದು ಮತ್ತು ಗಮನ ಬೇರೆಡೆ ಹರಿಸುವುದು. ಮಳೆಗಾಲದ ತೊಟ್ಟಿಮನೆಯ ಜಗಲಿಯೋ ಗದ್ದೆಯ ಬದುವೋ, ಕಣ್ಣಿಗಿಂತ ಮೂಗು ಮತ್ತು ಕಿವಿಯಿಂದ ಶುರುಮಾಡಿದರೆ ದೃಶ್ಯ ಬೇಗ ಕೂಡುತ್ತದೆ. ದಂತವೈದ್ಯರ ಕುರ್ಚಿ, ಇಂಜೆಕ್ಷನ್, ರಾತ್ರಿಯ ಎಚ್ಚರ ಇಂಥ ಸಣ್ಣ ಅವಧಿಗೆ ಇದು ಚೆನ್ನ. ಇಡೀ ದಿನದ ನೋವಿಗೆ ಇದನ್ನೇ ನೆಚ್ಚಿದರೆ ದಣಿವು. ಏಳನೆಯದು ಸಮಸ್ಯೆ ಬಿಡಿಸುವ ಕ್ರಮ, ಸಾಧಾರಣ.

ಒಂಟಿಯಾಗಿ ಎಷ್ಟು ಕೆಲಸ ಮಾಡುತ್ತದೆ?

ಅಲ್ಪಸ್ವಲ್ಪ. ಹೊಗಳಿಕೆಯ ಬರಹಗಳು ಹೇಳದ ಮಾತಿದು. ಆಸ್ಟ್ರೇಲಿಯಾದಲ್ಲಿ ಕಿಮ್ ಬೆನೆಲ್ ಅವರ ತಂಡ 50 ದಾಟಿದ 148 ಮಂಡಿನೋವಿನವರಲ್ಲಿ ಅರ್ಧದಷ್ಟು ಮಂದಿಗೆ ಈ ಪಾಠಗಳ ಜೊತೆ ಮೂರು ತಿಂಗಳಲ್ಲಿ ಏಳು ಸಲ ಸ್ಕೈಪಿನಲ್ಲಿ ಫಿಸಿಯೋಥೆರಪಿಸ್ಟರನ್ನು ಕೂರಿಸಿ ವ್ಯಾಯಾಮ ಕಲಿಸಿತು. ಉಳಿದವರಿಗೆ ಓದುವ ಮಾಹಿತಿ ಮಾತ್ರ. 2017ರ ವರದಿಯಂತೆ ಮೊದಲ ಗುಂಪಿನವರ ನೋವು ಹತ್ತರ ಅಳತೆಯಲ್ಲಿ 1.6 ಅಂಕ ಹೆಚ್ಚು ಇಳಿಯಿತು, ಒಂಬತ್ತು ತಿಂಗಳಾದರೂ ಲಾಭ ಉಳಿದಿತ್ತು. ಒಳ್ಳೆಯ ಫಲ. ಆದರೆ ಅದು ಪಾಠದ್ದೋ ವ್ಯಾಯಾಮದ್ದೋ? ಅದೇ ತಂಡ ಸೊಂಟದ ಸಂದು ಸವೆತದ 144 ಜನರಲ್ಲಿ ಎರಡೂ ಗುಂಪಿಗೆ ವ್ಯಾಯಾಮ ಕೊಟ್ಟು, ಒಂದು ಗುಂಪಿಗಷ್ಟೇ ಮೊದಲು ಈ ಪಾಠಗಳನ್ನು ಮಾಡಿಸಿತು. ಆರು ತಿಂಗಳ ಹೊತ್ತಿಗೆ ನೋವಿನಲ್ಲಿ, ಓಡಾಟದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ಅಂತರವಿರಲಿಲ್ಲ. ಸೊಂಟದ ಮಾತು ಮಂಡಿಗೆ ಪೂರ್ತಿ ಒಪ್ಪುವುದಿಲ್ಲ ನಿಜ, ಆದರೂ ಸೂಚನೆ ಸ್ಪಷ್ಟ: ಭಾರ ಎಳೆಯುವ ಎತ್ತು ವ್ಯಾಯಾಮ, ಅದಕ್ಕೆ ದಾರಿ ಬಿಡಿಸುವುದು ಈ ಪಾಠ.

ಪೇನ್‌ಟ್ರೇನರ್‌ನಲ್ಲಿ ಕಾಲಿನ ಬಲ ಹೆಚ್ಚಿಸುವ ಕಾರ್ಯಕ್ರಮ ಇಲ್ಲ. ಇದೇ ಅದರ ದೊಡ್ಡ ಕೊರತೆ. ತುಂಬಿಕೊಳ್ಳಲು ಮೆಲ್ಬರ್ನ್ ವಿಶ್ವವಿದ್ಯಾಲಯದ ‘ಮೈ ನೀ ಎಕ್ಸರ್‌ಸೈಜ್’ ಎಂಬ ಜಾಲತಾಣ ಇದೆ, ಅದೂ ಉಚಿತ. 24 ವಾರ, ವಾರಕ್ಕೆ ಮೂರು ದಿನ, ಸ್ವಂತವಾಗಿ ಮಾಡುವ ಬಲವರ್ಧನೆ. 206 ಜನರ ಪರೀಕ್ಷೆಯಲ್ಲಿ ನೆನಪಿನ ಮೊಬೈಲ್ ಸಂದೇಶಗಳನ್ನೂ ಜೋಡಿಸಿದ್ದರು. ಅದನ್ನು ಮಾಡಿದವರಲ್ಲಿ 72 ಶೇಕಡಾ ಮಂದಿಗೆ ಗಮನಕ್ಕೆ ಬರುವಷ್ಟು ನೋವು ತಗ್ಗಿತು, ಮಾಹಿತಿ ಮಾತ್ರ ಓದಿದವರಲ್ಲಿ 42. ಆ ತಾಣವೂ ಬೇಡವೆಂದರೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದೊಂದನ್ನೇ ಹಿಡಿಯಿರಿ. ಕುರ್ಚಿ ಗೋಡೆಗೆ ಒತ್ತಿರಲಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಹತ್ತು ಸಲ ಕಷ್ಟವಾದರೆ ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿ. ಏಳಲು ಒಂದು ಎಣಿಕೆ, ಕೂರಲು ಮೂರು ಎಣಿಕೆ. ದೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಹತ್ತು ಹತ್ತರಂತೆ ಎರಡು ಸುತ್ತಿನಿಂದ ಶುರು, ಮೂರಕ್ಕೆ ಏರಿಸಿ, ಆಮೇಲೆ ದಿಂಬು ತೆಗೆಯಿರಿ. ಮಾಡುವಾಗ ಹತ್ತಕ್ಕೆ ನಾಲ್ಕರವರೆಗಿನ ನೋವು ಇರಬಹುದು. ಮರುದಿನ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಎಣಿಕೆ ಕಡಿಮೆ ಮಾಡಿ, ಬಿಡಬೇಡಿ. ತೂಕದ ವಿಷಯವನ್ನೂ ಈ ತರಬೇತಿ ಮುಟ್ಟುವುದಿಲ್ಲ. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ ಎಂಬ ಲೆಕ್ಕ ಗೊತ್ತಿರುವುದು ಒಳ್ಳೆಯದು.

ಯೋಗದ ಜೊತೆ ತೂಗಿದರೆ? ಬೆಂಗಳೂರಿನಲ್ಲಿ ಮಂಡಿ ಸವೆತದ 250 ಜನರ ಮೇಲೆ ಜಾನ್ ಎಬ್ನೆಜರ್, ಆರ್. ನಾಗರತ್ನ ಮತ್ತಿತರರು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಫಿಸಿಯೋಥೆರಪಿಯ ಯಂತ್ರಚಿಕಿತ್ಸೆ, ಆಮೇಲೆ ಒಂದು ಗುಂಪಿಗೆ ದಿನಕ್ಕೆ 40 ನಿಮಿಷ ಸಡಿಲ ವ್ಯಾಯಾಮ, ಆಸನ, ವಿಶ್ರಾಂತಿ, ಪ್ರಾಣಾಯಾಮ, ಧ್ಯಾನ ಸೇರಿದ ಸಮಗ್ರ ಯೋಗ. ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮ. ಯೋಗದ ಗುಂಪಿನಲ್ಲಿ ನೋವು, ಬೆಳಗಿನ ಬಿಗಿತ, ಆತಂಕ ಮೂರೂ ಹೆಚ್ಚು ಇಳಿದವು. ಅದೇ ಯೋಗ ಮಾಡಿಸುವವರಿಲ್ಲದೆ ಬರೀ ಇಂಟರ್‌ನೆಟ್ಟಿನ ವಿಡಿಯೋ ಆದಾಗ ಕತೆ ಬೇರೆ: ಆಸ್ಟ್ರೇಲಿಯಾದಲ್ಲಿ 212 ಜನರ 12 ವಾರದ ಪ್ರಯೋಗದಲ್ಲಿ ಓಡಾಟ ತುಸು ಸುಧಾರಿಸಿತು, ನೋವು ಇಳಿಯಲಿಲ್ಲ, ಆ ತುಸು ಸುಧಾರಣೆಯೂ 24 ವಾರಕ್ಕೆ ಉಳಿಯಲಿಲ್ಲ. ಹಾಗಾಗಿ ಹತ್ತಿರದಲ್ಲಿ ಮಂಡಿಯನ್ನು ಬಲ್ಲ ಯೋಗಶಿಕ್ಷಕರು ಸಿಕ್ಕರೆ, ವಜ್ರಾಸನ, ಪದ್ಮಾಸನಗಳನ್ನು ಬಿಟ್ಟು ಕುರ್ಚಿಯಲ್ಲಿ ಕಲಿಸಲು ಒಪ್ಪಿದರೆ, ಕನ್ನಡದ ಕಿವಿಗೆ ಅದೇ ಸಲೀಸು. ಸಿಗದ ಊರಲ್ಲಿ, ಅಥವಾ ಡಲ್ಲಾಸಿನ ಮಗಳ ಮನೆಯಲ್ಲಿ ಆರು ತಿಂಗಳು ಒಳಗೇ ಕೂರುವ ಅಮ್ಮಂದಿರಿಗೆ, ಪೇನ್‌ಟ್ರೇನರ್. ಅಮೆರಿಕದ ಸಂಧಿವಾತ ತಜ್ಞರ ಸಂಘದ 2019ರ ಮಾರ್ಗಸೂಚಿ ಮಂಡಿ ಸವೆತಕ್ಕೆ ನಿಧಾನ ಚಲನೆಯ ಚೀನೀ ವ್ಯಾಯಾಮವಾದ ತೈ ಚೀಯನ್ನು ಬಲವಾಗಿ, ಯೋಗವನ್ನೂ ಇಂಥ ಯೋಚನಾ ತರಬೇತಿಯನ್ನೂ ಷರತ್ತಿನೊಂದಿಗೆ ಹೇಳಿರುವುದು ಈ ತೂಕಕ್ಕೆ ಹೊಂದುತ್ತದೆ.

ಭಾಷೆಯ ಗೋಡೆ

ಇಂಗ್ಲಿಷ್ ಬಾರದವರಿಗೆ ಇದು ಮುಚ್ಚಿದ ಬಾಗಿಲು, ಉದಾಹರಣೆಗಳ ಬದುಕೂ ನಮ್ಮದಲ್ಲ. ಮಗನೋ ಸೊಸೆಯೋ ಪಕ್ಕದಲ್ಲಿ ಕೂತು ಸಾಲು ಸಾಲು ಅನುವಾದ ಮಾಡಿದರೆ ಹದಿನೈದು ನಿಮಿಷಕ್ಕೆ ಇಬ್ಬರಿಗೂ ಸಾಕಾಗುತ್ತದೆ. ಅದಕ್ಕಿಂತ ಮನೆಯ ಒಬ್ಬರು ಪಾಠವನ್ನು ಹಿಂದಿನ ದಿನ ತಾವೇ ನೋಡಿ, ಮರುದಿನ ಪರದೆ ಇಲ್ಲದೆ ಹತ್ತು ನಿಮಿಷದಲ್ಲಿ ಹೇಳುವುದು ಮೇಲು. ವಿಶ್ರಾಂತಿಯ ಭಾಗವನ್ನು ಫೋನಿನಲ್ಲಿ ಕನ್ನಡದಲ್ಲಿ ಧ್ವನಿ ಮುದ್ರಿಸಿಕೊಡಿ: ‘ಅಮ್ಮಾ, ಬಲಗೈ ಮುಷ್ಟಿ ಬಿಗಿ ಹಿಡಿ… ಬಿಗಿ ಎಲ್ಲೆಲ್ಲಿ ಇದೆ ನೋಡು… ಬಿಟ್ಬಿಡು. ಕೈ ತೊಡೆ ಮೇಲೆ ತಾನಾಗೇ ಬೀಳ್ಲಿ… ಬೆಚ್ಚಗಾಗೋದು ಗೊತ್ತಾಗುತ್ತಾ, ನೋಡು.’ ಪ್ರತಿ ‘ಬಿಟ್ಬಿಡು’ ಆದಮೇಲೆ ಮನಸ್ಸಿನಲ್ಲಿ ಇಪ್ಪತ್ತು ಎಣಿಸಿ ಮುಂದಿನ ಮಾತು. ಮೊದಲ ಸಲ ಮುದ್ರಿಸಿದ್ದು ಯಾವಾಗಲೂ ವೇಗವಾಗಿರುತ್ತದೆ, ಎರಡನೆಯದನ್ನು ಇಟ್ಟುಕೊಳ್ಳಿ.

ಯಾರು ಇದನ್ನು ಶುರುಮಾಡಬಾರದು ಎಂಬುದೂ ಇದೆ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರವಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಂಡಿ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಒಂದೇ ಕಾಲಿನ ಮೀನಖಂಡ ದಿಢೀರನೆ ಊದಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ, ಕೈಬೆರಳ ಸಂದುಗಳೂ ಊದಿದ್ದರೆ ಅದು ಸವೆತಕ್ಕಿಂತ ಬೇರೆ ಬಗೆಯ ಸಂಧಿವಾತ ಇರಬಹುದು, ಅದಕ್ಕೆ ಬೇರೆಯೇ ಔಷಧಿ. ನೋವಿನ ಜೊತೆ ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದ್ದರೆ ಕಂಪ್ಯೂಟರಿನ ಪಾಠ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎಂಟನೆಯ ಪಾಠ ಕಲಿತದ್ದನ್ನು ಉಳಿಸಿಕೊಳ್ಳುವುದರ ಬಗ್ಗೆ. ಏಳಕ್ಕೇ ಕೈ ಬಿಟ್ಟವರು ಇದನ್ನು ನೋಡುವುದೇ ಇಲ್ಲ, ಆದರೆ ಮೂರನೆಯದರ ನಂತರ ಬೆಲೆಯುಳ್ಳದ್ದು ಇದೇ. ನೋವು ಮತ್ತೆ ಕೆರಳುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಆ ದಿನ ಏನು ಮಾಡಬೇಕೆಂದು ಚೆನ್ನಾಗಿರುವ ದಿನದಲ್ಲಿ ಬರೆದಿಡುವುದು. ಒಂದು ಪೋಸ್ಟ್‌ಕಾರ್ಡಿನಷ್ಟು ಜಾಗ ಸಾಕು: ಮೊದಲ ಎರಡು ದಿನ ಅಲಾರಂ ಅರ್ಧಕ್ಕೆ, ಅಂದರೆ 24 ಇದ್ದದ್ದು 12ಕ್ಕೆ. ಕುರ್ಚಿಯಿಂದ ಏಳುವುದು ಐದು ಸಲ, ಆದರೆ ಸೊನ್ನೆ ಅಲ್ಲ. ಬೆಳಿಗ್ಗೆ ಸಂಜೆ ಬಿಗಿ–ಬಿಡು. ವೈದ್ಯರು ಹೇಳಿದ ಮಾತ್ರೆ, ಹೇಳಿದಷ್ಟು. ಮೂರನೇ ದಿನದಿಂದ ದಿನಕ್ಕೆ 3 ನಿಮಿಷ ಏರಿಕೆ. ಎರಡು ವಾರವಾದರೂ ಹಳೆಯ ಮಟ್ಟಕ್ಕೆ ಬರದಿದ್ದರೆ ಫೋನ್ ಮಾಡಬೇಕಾದ ವೈದ್ಯರ ಹೆಸರು. ಕಾರ್ಡು ಬೀರುವಿನಲ್ಲಿ ಅಲ್ಲ, ಫ್ರಿಜ್ಜಿನ ಬಾಗಿಲ ಮೇಲೆ.